ಶ್ರೀರಂಗಪಟ್ಟಣವನ್ನು ಅಪ್ಪ-ಅಮ್ಮನ ಜೊತೆ ನಡೆದೇ ನೋಡಬಹುದಾ?

ಪ್ರಶ್ನೆ: ಸರ್, ನಾನು ಬಸವನಗುಡಿಯವಳು. ಅಮ್ಮನಿಗೆ 64, ಎಡ ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಆದರೂ ದಿನಾ ಕೃಷ್ಣರಾವ್ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಾರೆ. ಅಪ್ಪನಿಗೆ 70, 12 ವರ್ಷದಿಂದ ಶುಗರ್ ಇದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆ ದಂಡೆಯಲ್ಲಿ ನಡೆದಿದ್ದರಂತೆ, ಈಗ ಮತ್ತೆ ಹೋಗಬೇಕು ಅಂತಾರೆ. ಕಾರಿನಲ್ಲಿ ಇಳಿದು ಹತ್ತಿ ನೋಡೋದು ಬೇಡ, ನಡೆದೇ ನೋಡೋಣ ಅಂತ ಅಪ್ಪನ ಹಟ. ಊರು ಚಿಕ್ಕದು, ಹೊಳೆ ಪಕ್ಕದಲ್ಲೇ ಒಂದು ಸುತ್ತು ಹಾಕಿದರೆ ಎಲ್ಲಾ ಸಿಗುತ್ತೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು ಮೊಸಳೆ ಇದೆ, ನದಿ ಹತ್ತಿರ ಹೋಗಲೇಬೇಡಿ ಅಂದರು. ಮೊಬೈಲ್ ಮ್ಯಾಪಿನಲ್ಲಿ ನೋಡಿದರೆ ದಂಡೆ ಉದ್ದಕ್ಕೂ ದಾರಿ ಇರುವ ಹಾಗೆ ಕಾಣುತ್ತೆ. ಅಪ್ಪನ ವಾಚು ದಿನಕ್ಕೆ 10,000 ಹೆಜ್ಜೆ ಅನ್ನುತ್ತೆ, ಅವರು ಅದಕ್ಕೆ ಕಡಿಮೆ ಒಪ್ಪೋದಿಲ್ಲ. ಯಾವ ದಾರಿ, ಯಾವ ತಿಂಗಳು, ಎಷ್ಟು ದೂರ? ದಯವಿಟ್ಟು ಹೇಳಿ.

ಉತ್ತರ: ಪತ್ರ ಓದಿ ಮೊದಲು ಖುಷಿಯಾಯಿತು. ಈ ವಯಸ್ಸಿನಲ್ಲಿ ನಡೆದು ನೋಡೋಣ ಅನ್ನುವ ಅಪ್ಪ ಸಿಗುವುದು ಕಷ್ಟ. ಕರೆದುಕೊಂಡು ಹೋಗಿ. ಆದರೆ ಹೊಳೆ ಪಕ್ಕದಲ್ಲೇ ಒಂದು ಸುತ್ತು ಅನ್ನುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ನೀವು ದೂರದ ಬಗ್ಗೆ ಚಿಂತೆ ಮಾಡುತ್ತಿದ್ದೀರಿ. ನನಗೆ ಚಿಂತೆಯಾಗಿದ್ದು ಆ ಸುತ್ತಿನ ಬಗ್ಗೆ.

ನಾನು ಬೆಂಗಳೂರಿನಲ್ಲಿ ಫುಟ್‌ಪಾತ್ ಮತ್ತು ನಡಿಗೆಯ ದಾರಿಗಳನ್ನು ರೂಪಿಸುವ ಕೆಲಸ ಮಾಡುವವನು. ರಜೆಯ ದಿನ ಜನರನ್ನು ಕರೆದುಕೊಂಡು ಹಳೆಯ ಊರುಗಳಲ್ಲಿ ನಡೆಯುತ್ತೇನೆ. ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಮೊದಲು ನಾನೂ ನಿಮ್ಮ ಹಾಗೇ ಮ್ಯಾಪ್ ನೋಡಿ ದಂಡೆಯ ದಾರಿ ಹಿಡಿದಿದ್ದೆ. ಏಪ್ರಿಲ್ ತಿಂಗಳು, ಜೊತೆಗೆ 12 ಜನ. ಮ್ಯಾಪಿನಲ್ಲಿ ಚುಕ್ಕಿ ಚುಕ್ಕಿ ಗೆರೆ ಚೆನ್ನಾಗಿಯೇ ಇತ್ತು. ಒಂದು ಕಿಲೋಮೀಟರ್ ಆದ ಮೇಲೆ ಅದು ಗದ್ದೆ ಬದುವಾಯಿತು, ಬದು ಕಬ್ಬಿನೊಳಗೆ ಹೋಯಿತು, ಆಚೆಗೆ ನಾಲೆ, ದಾಟಲು ಏನೂ ಇಲ್ಲ. ಹತ್ತೂವರೆ ಬಿಸಿಲಿನಲ್ಲಿ ಬಂದ ದಾರಿಯಲ್ಲೇ ವಾಪಸ್ ನಡೆಯಬೇಕಾಯಿತು. ಗುಂಪಿನಲ್ಲಿದ್ದ ಹಿರಿಯರೊಬ್ಬರಿಗೆ ತಲೆ ಸುತ್ತಿ ಬಂತು. ಗದ್ದೆಯ ಯಜಮಾನರು ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಕೂರಿಸಿ, ತಲೆಗೆ ನೀರು ಹಾಕಿ, ಎಳನೀರು ಕೊಯ್ದು ಕೊಟ್ಟರು. ತಪ್ಪು ನನ್ನದು. ಆ ದಿನ ಕಲಿತದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ: ಹೊಳೆಯ ಜೊತೆಯಲ್ಲೇ ನಡೆಯಲು ಹೋಗಬೇಡಿ. ಊರೊಳಗೆ ನಡೆಯಿರಿ, ಎರಡು ಮೂರು ಕಡೆ ಹೊಳೆಗೆ ಇಳಿದು ನೋಡಿ ಬನ್ನಿ.

ದಂಡೆಗೆ ದಾರಿ ಯಾಕಿಲ್ಲ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ, ಅಲ್ವಾ? ಶ್ರೀರಂಗಪಟ್ಟಣ ಒಂದು ದ್ವೀಪ. ಕಾವೇರಿ ಪಶ್ಚಿಮದಲ್ಲಿ ಎರಡು ಕವಲಾಗಿ, ಊರನ್ನು ಬಳಸಿಕೊಂಡು, ಪೂರ್ವದಲ್ಲಿ ಮತ್ತೆ ಒಂದಾಗುತ್ತದೆ. ಉದ್ದ ಸುಮಾರು 5 ಕಿಲೋಮೀಟರ್. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಸಂಗಮ, ನಡುವೆ ಗಂಜಾಂ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಊರನ್ನು ತೆಗೆದುಕೊಂಡ ಮೇಲೆ 1799ರವರೆಗೆ ಇದೇ ಮೈಸೂರು ಸೀಮೆಯ ರಾಜಧಾನಿ. ರಾಜಧಾನಿಗೆ ಹೊಳೆ ಬೇಕಾಗಿದ್ದದ್ದು ಕಾವಲಿಗೆ. ಹಾಗಾಗಿ ಹೊಳೆಯ ಕಡೆ ಗೋಡೆ, ಕಂದಕ ಕಟ್ಟಿದರೇ ಹೊರತು ಓಡಾಡುವ ದಾರಿ ಮಾಡಲಿಲ್ಲ. ಕೋಟೆಯ ಆಚೆಗೆ ದಂಡೆಯ ಮಣ್ಣು ಫಲವತ್ತಾದದ್ದು, ಅಲ್ಲಿ ಭತ್ತ, ಕಬ್ಬು, ತೆಂಗು. ಗಂಜಾಂ ಅಂಜೂರ ಅಂದರೆ ಒಂದು ಕಾಲಕ್ಕೆ ಮನೆಮಾತು. ಅದೆಲ್ಲ ರೈತರ ಜಮೀನು. ಇದರ ಮೇಲೆ ಹೊಳೆ ಬಂದಾಗ ದಂಡೆ ಮುಳುಗುತ್ತದೆ, ಇಳಿದಾಗ ಕೆಸರು ಬಿಟ್ಟು ಹೋಗುತ್ತದೆ. ಹೋದ ವರ್ಷ ಇದ್ದ ಕಾಲುದಾರಿ ಈ ವರ್ಷ ಇರುವುದಿಲ್ಲ. ಮ್ಯಾಪಿನ ಗೆರೆ ಮಾತ್ರ ಹಾಗೇ ಉಳಿದಿರುತ್ತದೆ.

ನಾಲೆಯ ಏರಿ ಮೇಲೆ ಹೋಗಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ನೋಡಲು ಆಸೆಯಾಗುತ್ತದೆ ನಿಜ, ಮಟ್ಟಸವಾಗಿ, ನೀರು ಪಕ್ಕದಲ್ಲೇ. ಆದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಸರಿಯಲು ಜಾಗ ಇಲ್ಲ. ಕಾಲು ಜಾರಿದರೆ ಗಾರೆ ಹಾಕಿದ ಗೋಡೆಯಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ವಯಸ್ಸಾದವರನ್ನು ನಾನು ಯಾವತ್ತೂ ಆ ಕಡೆ ಕರೆದೊಯ್ಯುವುದಿಲ್ಲ.

ಈಗ ಮೊಸಳೆ ವಿಷಯ. ಇವೆ, ಸುಳ್ಳಲ್ಲ. ಊರಿನಿಂದ ಮೂರು ನಾಲ್ಕು ಕಿಲೋಮೀಟರ್ ಮೇಲಕ್ಕೆ ರಂಗನತಿಟ್ಟು ಇದೆ, ಅಲ್ಲಿ ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ದೋಣಿಯಿಂದಲೇ ತೋರಿಸುತ್ತಾರೆ. ಅವಕ್ಕೆ ಊರಿನ ಗಡಿ ಗೊತ್ತಿಲ್ಲ, ಹೊಳೆ ಒಂದೇ. ಹಾಗಾಗಿ ಜನ ಓಡಾಡದ, ಗಿಡ ಬಾಗಿದ, ನೀರು ನಿಂತ ಹಾಗಿರುವ ಕಡೆ ದಂಡೆಯಲ್ಲಿ ಕೂರಬೇಡಿ, ಕಾಲು ಇಳಿಬಿಡಬೇಡಿ. ಅಷ್ಟು ಪಾಲಿಸಿದರೆ ಸಾಕು. ನಿಜವಾಗಿ ಭಯ ಪಡಬೇಕಾದದ್ದು ನೀರಿನ ಸೆಳೆತಕ್ಕೆ ಮತ್ತು ಮೆಟ್ಟಿಲಿನ ಪಾಚಿಗೆ.

ಮೆಟ್ಟಿಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಅನುಭವದಲ್ಲಿ ಜನ ಬೀಳುವುದು ಇಲ್ಲೇ. ಸ್ನಾನಘಟ್ಟದ ಕಲ್ಲಿನ ಮೆಟ್ಟಿಲುಗಳಲ್ಲಿ ಮೇಲಿನವು ಒಣಗಿ ಬೆಳ್ಳಗಿರುತ್ತವೆ. ಕೆಳಗೆ ಒಂದು ಮೆಟ್ಟಿಲು ಬಣ್ಣ ಬದಲಾಗಿರುತ್ತದೆ, ಕಪ್ಪು ಹಸಿರು. ನೀರು ನಿನ್ನೆ ಅಲ್ಲಿಯವರೆಗೆ ಇತ್ತು ಅಂತ ಅರ್ಥ. ಆ ಮೆಟ್ಟಿಲು ಒಣಗಿದ ಹಾಗೆ ಕಂಡರೂ ಸೋಪಿನ ಹಾಗೆ ಜಾರುತ್ತದೆ. ಅದರ ಮೇಲಿನ ಮೆಟ್ಟಿಲೇ ನಿಮ್ಮ ಕೊನೆ. ಇನ್ನೊಂದು, ಸಂಗಮದಲ್ಲಿ ಅಸ್ಥಿ ಬಿಡಲು ಬಂದವರು ಹಳೆಯ ಬಟ್ಟೆ ಅಲ್ಲೇ ಬಿಟ್ಟು ಹೋಗುತ್ತಾರೆ. ಒದ್ದೆ ಪಂಚೆ, ಸೀರೆ ಮಣ್ಣಿನಲ್ಲಿ ಸೇರಿ ಮಣ್ಣಿನ ಬಣ್ಣವೇ ಬಂದಿರುತ್ತದೆ. ಕಾಲಿಗೆ ಸಿಕ್ಕಿಕೊಂಡರೆ ಮಂಡಿ ನೋವಿನವರಿಗೆ ಸಾವರಿಸಿಕೊಳ್ಳುವುದು ಕಷ್ಟ. ಒಡೆದ ಮಡಕೆಯ ಚೂರೂ ಇರುತ್ತದೆ. ಅಪ್ಪ ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹೋಗುವ ಜಾಗ ಅದಲ್ಲ. ಚೊಂಬಿನಲ್ಲಿ ನೀರು ತಂದು ಅವರ ಕಾಲ ಮೇಲೆ ನೀವೇ ಹಾಕಿ.

ಅಂದಹಾಗೆ, ಸಂಗಮದಲ್ಲಿ ಕಾವೇರಿ, ಕಬಿನಿ, ಹೇಮಾವತಿ ಮೂರೂ ಸೇರುತ್ತವೆ ಅಂತ ಬಹಳ ಜನ ಹೇಳುತ್ತಾರೆ. ಭಕ್ತಿಯಿಂದ ನಂಬುವವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ಕಣ್ಣಿಗೆ ಕಾಣುವುದು ಕಾವೇರಿಯ ಎರಡು ಕವಲು ಮತ್ತೆ ಒಂದಾಗುವುದು. ಹೇಮಾವತಿ ಇದಕ್ಕೂ ಮೊದಲೇ ಕೆಆರ್‌ಎಸ್ ಹಿನ್ನೀರಿನಲ್ಲಿ ಸೇರಿ ಆಗಿರುತ್ತದೆ. ಕಬಿನಿ ಸೇರುವುದು ಇನ್ನೂ ಕೆಳಗೆ, ತಿರುಮಕೂಡಲು ನರಸೀಪುರದಲ್ಲಿ.

ಕೆಆರ್‌ಎಸ್ ಹೆಸರು ಬಂತು, ಯಾವ ತಿಂಗಳು ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಅಣೆಕಟ್ಟು ಇರುವುದು ಊರಿನಿಂದ 15 ಕಿಲೋಮೀಟರ್ ಆಸುಪಾಸಿನಲ್ಲಿ. ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಬಂದಾಗ, ಕೊಡಗಿನಲ್ಲಿ ಮಳೆ ಜೋರಾದಾಗ, ಗೇಟು ತೆಗೆಯುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಐವತ್ತು ಸಾವಿರ, ಲಕ್ಷ ಕ್ಯೂಸೆಕ್ ಅಂತ ಟಿವಿಯಲ್ಲಿ ಬಂದರೆ ಲೆಕ್ಕ ಹಾಕಿ ನೋಡಿ. ಶ್ರೀರಂಗಪಟ್ಟಣದಲ್ಲಿ ಒಂದು ಹನಿ ಮಳೆ ಇಲ್ಲದೆ, ಆಕಾಶ ನೀಲಿಯಾಗಿದ್ದಾಗಲೇ ಹೊಳೆ ಏರಬಹುದು. ಬೆಂಗಳೂರಿನವರು ಎಡವುವುದು ಇಲ್ಲೇ. ನಮಗೆ ಮಳೆ ಬಂದರೆ ನೀರು, ನಿಂತರೆ ಇಲ್ಲ. ಅಲ್ಲಿ ಹಾಗಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗುವುದಾದರೆ ಹಿಂದಿನ ದಿನ ಕೆಆರ್‌ಎಸ್ ಹೊರಹರಿವು ಎಷ್ಟು ಅಂತ ನೋಡಿಯೇ ಹೊರಡಿ. ನದಿ ಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟಿದ್ದರೆ ಆ ವಾರ ಬೇಡ. ದೂರದಿಂದ ನೋಡುತ್ತೇವೆ ಅಂತ ಹೋಗಿ ಕೊನೆಗೆ ಎಲ್ಲರೂ ಹತ್ತಿರಕ್ಕೇ ಹೋಗುತ್ತಾರೆ.

ಬೇಸಿಗೆಯಲ್ಲಿ ಇದರ ಉಲ್ಟಾ. ಹೊಳೆ ಸೊರಗಿ ಬಂಡೆ ತೇಲಿರುತ್ತದೆ. 1799ರಲ್ಲಿ ಬ್ರಿಟಿಷರು ಅವಸರ ಮಾಡಿದ್ದೂ ಇದಕ್ಕೇ. ಮಳೆಗಾಲ ಶುರುವಾಗಿ ಹೊಳೆ ತುಂಬಿದರೆ ಕೋಟೆ ಹತ್ತಿರ ಹೋಗಲು ಆಗುತ್ತಿರಲಿಲ್ಲ. ಮೇ 4ರ ಮಧ್ಯಾಹ್ನ ನೀರು ಕಡಿಮೆ ಇರುವಾಗಲೇ ಹೊಳೆ ಹಾಯ್ದು, ಒಡೆದ ಗೋಡೆಯಿಂದ ನುಗ್ಗಿದರು. ಟಿಪ್ಪು ಸುಲ್ತಾನ್ ಸತ್ತದ್ದು ಅವತ್ತೇ. ಆದರೆ ಹೊಳೆ ಸೊರಗುವ ಆ ತಿಂಗಳುಗಳಲ್ಲಿ ಬಿಸಿಲು ವಿಪರೀತ. ನಿಮ್ಮ ಅಪ್ಪ-ಅಮ್ಮನಿಗೆ ಮಾರ್ಚ್‌ನಿಂದ ಮೇವರೆಗೆ ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರದವರೆಗೆ ಒಳ್ಳೆಯದು. ಅದರಲ್ಲೂ ವೈಕುಂಠ ಏಕಾದಶಿ, ರಥಸಪ್ತಮಿ ಬಿಟ್ಟು, ಭಾನುವಾರ ಬಿಟ್ಟು, ಸುಮ್ನೆ ಒಂದು ಮಂಗಳವಾರ ಬುಧವಾರ ರಜೆ ಹಾಕಿ.

ನದಿ ಪಕ್ಕ ತಂಪಾಗಿರುತ್ತೆ ಅನ್ನುವುದೂ ಅರ್ಧ ಮಾತ್ರ ನಿಜ. ಬೆಳಿಗ್ಗೆ ಗಾಳಿ ಇರುತ್ತದೆ. ಹತ್ತು ಗಂಟೆ ಆದ ಮೇಲೆ ತಂಪು ಕೊಡುವುದು ಮರ. ಬಯಲು ದಂಡೆಯಲ್ಲಿ ಬಿಸಿಲು ಮೇಲಿನಿಂದಲೂ ಬೀಳುತ್ತದೆ, ಬಂಡೆಯಿಂದಲೂ ಹೊಡೆಯುತ್ತದೆ. ನಾನು ದಾರಿ ರೂಪಿಸುವಾಗ ಮೊದಲು ಎಣಿಸುವುದು ಮರಗಳನ್ನು, ಆಮೇಲೆ ಕೂರುವ ಜಾಗ, ಆಮೇಲೆ ಸಾಕಾಯ್ತು ಅಂದಾಗ ಆಟೋ ಸಿಗುವ ತಿರುವುಗಳು. ದೂರ ಬರುವುದು ಕೊನೆಗೆ.

10,000 ಹೆಜ್ಜೆ ಬಗ್ಗೆ ಅಪ್ಪನಿಗೆ ಇದನ್ನು ಹೇಳಿ. ಆ ಸಂಖ್ಯೆ ಬಂದದ್ದು ಯಾವ ಆಸ್ಪತ್ರೆಯಿಂದಲೂ ಅಲ್ಲ. 1960ರ ದಶಕದಲ್ಲಿ, ಟೋಕಿಯೊ ಒಲಿಂಪಿಕ್ಸ್ ಆದ ಹೊಸದರಲ್ಲಿ, ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಲು ಬಂತು. ಅದರ ಹೆಸರು ಮಾಂಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರಾಟಕ್ಕೆ ಇಟ್ಟ ಹೆಸರು ನಮ್ಮ ಕೈಗಡಿಯಾರದವರೆಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆಯ ಲೆಕ್ಕವನ್ನೇ ಅಲ್ಲ, ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಅಂತ. ನಿಮ್ಮ ಅಮ್ಮ ಅದನ್ನು ಕೃಷ್ಣರಾವ್ ಪಾರ್ಕಿನಲ್ಲೇ ದಾಟಿದ್ದಾರೆ.

ಅಮ್ಮನ ಮಂಡಿಗೆ ಬರೋಣ. ಸವೆದ ಮಂಡಿ ನಡೆದರೆ ಇನ್ನೂ ಸವೆಯುತ್ತೆ ಅಂತ ಹೆದರಿ ಕೂರಿಸಬೇಡಿ. ಮಟ್ಟಸ ನೆಲದಲ್ಲಿ ಅಭ್ಯಾಸ ಇರುವಷ್ಟು ನಡೆಯುವುದು ಮಂಡಿಗೆ ಒಳ್ಳೆಯದೇ. ತೊಂದರೆ ಕೊಡುವುದು ಮೆಟ್ಟಿಲು, ಅದರಲ್ಲೂ ಇಳಿಯುವ ಮೆಟ್ಟಿಲು. ಹತ್ತುವಾಗ ಸುಸ್ತಾಗುತ್ತದೆ, ಇಳಿಯುವಾಗ ನೋವಾಗುತ್ತದೆ. ಅದಕ್ಕೇ ಊರಿನ ಹತ್ತಿರದ ಕರಿಘಟ್ಟ ಬೆಟ್ಟದ ಮೆಟ್ಟಿಲು ಅವರಿಗೆ ಬೇಡ. ಮೇಲಿಂದ ಇಡೀ ದ್ವೀಪ ಕಾಣುತ್ತದೆ, ನೋಡಲೇಬೇಕು ಅನ್ನಿಸಿದರೆ ವಾಹನ ಹೋಗುವ ರಸ್ತೆ ಇದೆ. ಬಿಸಿಲು ಇಳಿದ ಮೇಲೆ ಆಟೋದಲ್ಲಿ ಹೋಗಿ.

ಅಪ್ಪನ ಬಗ್ಗೆ ನನಗೆ ಅಮ್ಮನಿಗಿಂತ ಜಾಸ್ತಿ ಚಿಂತೆ. ಬಹಳ ವರ್ಷದ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಮಂದ ಆಗಿರಬಹುದು. ರಂಗನಾಥಸ್ವಾಮಿ ದೇವಸ್ಥಾನದಲ್ಲೂ ಟಿಪ್ಪುವಿನ ಗೋರಿ ಇರುವ ಗುಂಬಜ್‌ನಲ್ಲೂ ಚಪ್ಪಲಿ ಬಿಡಬೇಕು. ಹನ್ನೊಂದು ಗಂಟೆಯ ಕಲ್ಲು ನಮಗೆ ಚುರ್ ಅನ್ನುತ್ತದೆ, ನಾವು ಓಡುತ್ತೇವೆ. ಅವರಿಗೆ ಏನೂ ಅನ್ನಿಸದೆ ಇರಬಹುದು, ಸಂಜೆ ನೋಡಿದರೆ ಬೊಬ್ಬೆ ಎದ್ದಿರುತ್ತದೆ. ಒಮ್ಮೆ ನಮ್ಮ ಗುಂಪಿನಲ್ಲೇ ಹೀಗಾಗಿದೆ, ಆ ಗಾಯ ಮಾಯಲು ತಿಂಗಳುಗಳೇ ಬೇಕಾದವು. ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ, ಚಪ್ಪಲಿ ಬಿಡುವ ಜಾಗಕ್ಕೆ ಹತ್ತೂವರೆಯೊಳಗೆ ಹೋಗಿ ಬನ್ನಿ, ರಾತ್ರಿ ನೀವೇ ಅವರ ಅಂಗಾಲು ನೋಡಿ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಹೊರಡುವ ಮೊದಲು ಅವರ ಡಾಕ್ಟರ್ ಹತ್ತಿರ, ಇಷ್ಟು ಹೊತ್ತು ನಡೆಯುತ್ತಾರೆ, ಮಾತ್ರೆ ಊಟ ಹೇಗೆ ಹೊಂದಿಸಲಿ ಅಂತ ಕೇಳಿ.

ಈಗ ದಾರಿ. ಎಲ್ಲರೂ ಕೋಟೆಯಿಂದ ಶುರು ಮಾಡಿ ಸಂಗಮಕ್ಕೆ ಹೋಗುತ್ತಾರೆ. ಬೆಳಿಗ್ಗೆ ಪೂರ್ವಕ್ಕೆ ನಡೆದರೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಸುಸ್ತಾಗುವ ಹೊತ್ತಿಗೆ ಸ್ಟೇಷನ್ನಿನಿಂದ ಅತ್ಯಂತ ದೂರ ಇರುತ್ತೀರಿ. ನೀವು ತಿರುಗಿಸಿ ಮಾಡಿ. ಹಿಂದಿನ ರಾತ್ರಿ ಶ್ರೀರಂಗಪಟ್ಟಣದಲ್ಲೋ ಮೈಸೂರಿನಲ್ಲೋ ಉಳಿದು, ಏಳು ಗಂಟೆಗೆ ಆಟೋದಲ್ಲಿ ನೇರ ಸಂಗಮಕ್ಕೆ ಹೋಗಿ. ಆ ಹೊತ್ತಿನ ಹೊಳೆ ನೋಡಬೇಕು, ನೀರಿನ ಮೇಲೆ ಮಂಜು ಎದ್ದಿರುತ್ತದೆ, ತೆಪ್ಪದವರು ಆಗಷ್ಟೇ ಬರುತ್ತಿರುತ್ತಾರೆ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೊಟ್ಟರೆ ಮಾತ್ರ. ಅಲ್ಲಿಂದ ಪಶ್ಚಿಮಕ್ಕೆ ನಡೆಯಿರಿ, ಸೂರ್ಯ ಬೆನ್ನಿಗೆ.

ಮೊದಲು ಗುಂಬಜ್, ಸುಮಾರು ಒಂದೂವರೆ ಕಿಲೋಮೀಟರ್. ಹೈದರ್ ಅಲಿ, ಅವರ ಪತ್ನಿ ಫಕ್ರುನ್ನಿಸಾ, ಮಗ ಟಿಪ್ಪು ಮೂವರ ಗೋರಿಯೂ ಅಲ್ಲೇ. ಸುತ್ತಲ ತೋಟದ ಹೆಸರು ಲಾಲ್‌ಬಾಗ್. ಹೌದು, ನಮ್ಮ ಲಾಲ್‌ಬಾಗ್ ಶುರು ಮಾಡಿದವರೂ ಹೈದರ್ ಅಲಿಯೇ. ಇದನ್ನು ಅಮ್ಮನಿಗೆ ಹೇಳಿ ಅಲ್ಲಿನ ಮರದ ನೆರಳಲ್ಲಿ ಅರ್ಧ ಗಂಟೆ ಕೂರಿಸಿ, ತಿಂಡಿ ತಿನ್ನಿ. ನಂತರ ಗಂಜಾಂ ರಸ್ತೆಯಲ್ಲಿ ಸುಮಾರು ಎರಡು ಕಿಲೋಮೀಟರ್ ನಡೆದರೆ ದರಿಯಾ ದೌಲತ್, 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಅರಮನೆ. ಒಳಗೆ ತಂಪು, ಗೋಡೆ ತುಂಬಾ ಯುದ್ಧದ ಚಿತ್ರ, ಹೊರಗೆ ಹುಲ್ಲು, ಮರ. ಶೌಚಾಲಯದ ಕೆಲಸವನ್ನು ಇಂಥ ಟಿಕೆಟ್ ಇರುವ ಜಾಗದಲ್ಲೇ ಮುಗಿಸಿಕೊಳ್ಳಿ. ರಸ್ತೆಗೆ ಫುಟ್‌ಪಾತ್ ಎಲ್ಲ ಕಡೆ ಇಲ್ಲ. ಎದುರಿನಿಂದ ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ, ನೀವು ಮುಂದೆ.

ದರಿಯಾ ದೌಲತ್‌ಗೂ ಕೋಟೆಗೂ ನಡುವೆ ಹಳೆಯ ಬೆಂಗಳೂರು-ಮೈಸೂರು ರಸ್ತೆ ದಾಟಬೇಕು. 2023ರಲ್ಲಿ ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ದೂರದ ವಾಹನ ಬಹಳಷ್ಟು ಊರಾಚೆ ಹೋಗುತ್ತವೆ, ಆದರೂ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲಾ ಇಲ್ಲೇ. ಅಮ್ಮನ ನಡಿಗೆಯ ವೇಗಕ್ಕೆ ಆ ಅಗಲ ಜಾಸ್ತಿ. ದರಿಯಾ ದೌಲತ್ ಬಾಗಿಲಲ್ಲೇ ಆಟೋ ಹಿಡಿದು ದೇವಸ್ಥಾನದ ಮುಂದೆ ಇಳಿಯಿರಿ. ಅಪ್ಪ ಒಪ್ಪದಿದ್ದರೆ ಅವರೊಬ್ಬರೇ ನಡೆಯಲಿ ಅನ್ನಬೇಡಿ, ಮೂವರೂ ಆಟೋದಲ್ಲೇ ಹೋಗಿ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಅದಕ್ಕೂ ಮುಂಚೆ ದರ್ಶನ ಆಗಬೇಕು. ಇಷ್ಟಕ್ಕೆ ನಡಿಗೆ ಮೂರೂವರೆ ನಾಲ್ಕು ಕಿಲೋಮೀಟರ್. ಗಂಟೆಗೆ 3 ಕಿಲೋಮೀಟರ್ ಲೆಕ್ಕದಲ್ಲಿ ಹೋದರೂ ನಡಿಗೆಗೆ ಒಂದೂ ಕಾಲು ಗಂಟೆ, ಕೂರುವುದು ನೋಡುವುದಕ್ಕೆ ಎರಡೂವರೆ ಗಂಟೆ.

ಕೋಟೆಯೊಳಗಿನ ಉಳಿದದ್ದು, ಅಂದರೆ ಜುಮ್ಮಾ ಮಸೀದಿ, ಬೈಲಿ ಸೆರೆಮನೆ, ಹೊಳೆ ಕಡೆಯ ಬಾಗಿಲು, ಇದನ್ನು ಊಟ ಮಾಡಿ ಮಲಗಿ ಎದ್ದು ನಾಲ್ಕೂವರೆಗೆ ಇಟ್ಟುಕೊಳ್ಳಿ. ಇನ್ನೊಂದೂವರೆ ಕಿಲೋಮೀಟರ್, ಓಣಿಗಳ ನಡುವೆ. ಮದುವೆಯಾದ ಹೊಸದರಲ್ಲಿ ಅವರು ನಡೆದ ದಂಡೆ ಯಾವುದು ಅಂತ ಈಗಲೇ ಅಮ್ಮನ ಹತ್ತಿರ ಬಿಡಿಸಿ ಕೇಳಿ. ನನ್ನ ಊಹೆ, ಅದು ದೇವಸ್ಥಾನದ ಹತ್ತಿರದ ಸ್ನಾನಘಟ್ಟ ಇರಬೇಕು. ಹಾಗಿದ್ದರೆ ಸಂಜೆ ಅಲ್ಲಿ ಒಣ ಮೆಟ್ಟಿಲಿನ ಮೇಲೆ ಕೂತು ನೋಡಬಹುದು. ಕತ್ತಲಾಗುವ ಮೊದಲು ಏಳಿ, ಇಳಿಸಂಜೆಯಲ್ಲಿ ಮೆಟ್ಟಿಲಿನ ಅಂಚು ಕಾಣುವುದಿಲ್ಲ.

ರಾತ್ರಿ ಉಳಿಯಲು ಆಗುವುದಿಲ್ಲ, ಒಂದೇ ದಿನ ಅಂದರೆ ಸಂಗಮ ಬಿಟ್ಟುಬಿಡಿ. ಬೆಳಗಿನ ಟ್ರೈನಿನಲ್ಲಿ ಹೋಗಿ ಮೊದಲು ದೇವಸ್ಥಾನ, ಆಮೇಲೆ ಆಟೋದಲ್ಲಿ ದರಿಯಾ ದೌಲತ್, ಸಂಜೆ ಕೋಟೆ. ಶ್ರೀರಂಗಪಟ್ಟಣ ಸ್ಟೇಷನ್ ಕೋಟೆಯ ಮಗ್ಗುಲಲ್ಲೇ ಇದೆ, ಅದೇ ದೊಡ್ಡ ಅನುಕೂಲ. ಆದರೆ ಮೈಸೂರಿಗೆ ಹೋಗುವ ಎಲ್ಲ ಟ್ರೈನೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವಾಗ ನೋಡಿ. ಇನ್ನೊಂದು ದಾರಿ ಅಂದರೆ ಅರ್ಧ ದಿನ ರಂಗನತಿಟ್ಟು. 1940ರಲ್ಲೇ ಪಕ್ಷಿಧಾಮ ಆದ ಜಾಗ, ಒಳಗೆ ಮಟ್ಟಸ ದಾರಿ, ದಟ್ಟ ನೆರಳು. ಅಮ್ಮನ ಮಂಡಿ ಆ ದಿನ ಕೈಕೊಟ್ಟರೆ ಬೇರೆ ಎಲ್ಲ ಬಿಟ್ಟು ಇದೊಂದನ್ನು ಮಾಡಿ. ಹೊಳೆ ಜೋರಾಗಿದ್ದಾಗ ದೋಣಿ ಬಿಡುವುದಿಲ್ಲ.

ಹೊರಡುವ ಎರಡು ವಾರ ಮೊದಲು ಒಂದು ಕೆಲಸ ಮಾಡಿ. ಪಾರ್ಕಿನ ಸಮತಟ್ಟು ದಾರಿಯ ಅಭ್ಯಾಸದಿಂದ ಏನೂ ಗೊತ್ತಾಗುವುದಿಲ್ಲ. ಇಬ್ಬರನ್ನೂ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಶ್ರೀರಂಗಪಟ್ಟಣಕ್ಕೆ ತೊಟ್ಟುಕೊಳ್ಳುವ ಶೂಗಳಲ್ಲೇ, ಒಂದೂವರೆ ಗಂಟೆ ನಿಂತು ಕೂತು ನಡೆಸಿ. ಕೊನೆಗೆ ಬಂಡೆ ಮೇಲೆ ನಿಧಾನ ಹತ್ತಿ ಇಳಿಯಲಿ. ಮಾರನೇ ದಿನ ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಏಳುವಾಗ ಮಂಡಿ ಎಂದಿನ ಹಾಗೇ ಇದ್ದರೆ ನಾನು ಹೇಳಿದ ಪೂರ್ತಿ ದಾರಿ ಹಿಡಿಯಿರಿ. ಊದಿಕೊಂಡಿದ್ದರೆ ಗುಂಬಜ್‌ನಿಂದ ದರಿಯಾ ದೌಲತ್‌ವರೆಗಿನ ಎರಡು ಕಿಲೋಮೀಟರ್‌ಗೂ ಆಟೋ ಮಾಡಿ. ಬೆಳಿಗ್ಗೆ ಸಂಗಮಕ್ಕೆ ಬಿಡುವ ಆಟೋದವರ ನಂಬರ್ ತೆಗೆದುಕೊಂಡು, ಎಲ್ಲಿಂದ ಕರೆದರೂ ಬರುತ್ತೀರಾ ಅಂತ ಕೇಳಿ ದರ ಅಲ್ಲೇ ಮಾತಾಡಿಕೊಳ್ಳಿ.